ಮುತ್ತಜ್ಜನ ಕಚೇರಿ

ಅಕ್ಷಯ ತೃತೀಯೆಯ ದಿನ ಸಿಂಹಾಚಲದ ವರಾಹನರಸಿಂಹ ಸ್ವಾಮಿಯ ಮೈಮೇಲಿನ ಗಂಧವನ್ನು ತೆಗೆದು ನಿಜರೂಪದ ದರ್ಶನ ಮಾಡಿಸುತ್ತಾರೆ. ವರ್ಷಕ್ಕೊಂದೇ ದಿನ. ಆ ದಿನದ ಸಾಲು ಎಷ್ಟು ಉದ್ದವೆಂಬುದನ್ನು ವಿಶಾಖಪಟ್ಟಣದಲ್ಲಿರುವ ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಹಾಗೊಮ್ಮೆ ನಾವು ನಾಲ್ಕು ಕನ್ನಡ ಮನೆಗಳವರು ಒಟ್ಟಿಗೆ ಹೋಗಿ ಸಾಲಿನಲ್ಲಿ ನಿಂತೆವು. ಹೊತ್ತು ಹೋಗಬೇಕಲ್ಲ! ಮಾತು ಊರಿನಿಂದ ಮನೆತನಕ್ಕೆ, ಮನೆತನದಿಂದ ಮುತ್ತಜ್ಜಂದಿರಿಗೆ ಹೊರಳಿತು.

“ನಮ್ಮ ಮುತ್ತಜ್ಜ ಮಂಗಳೂರು ಕಲೆಕ್ಟರ ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದರು” ಎಂದರು ಒಬ್ಬರು. “ನಮ್ಮವರು ಬಳ್ಳಾರಿಯ ಮುನ್ಸೀಫ ಕೋರ್ಟಿನಲ್ಲಿ ಗುಮಾಸ್ತೆ” ಎಂದರು ಇನ್ನೊಬ್ಬರು. ಇಬ್ಬರ ದನಿಯಲ್ಲೂ ಹೆಮ್ಮೆಯಿತ್ತು. ಕಾಲೇಜಿನಲ್ಲಿ ಓದುತ್ತಿರುವ ಹುಡುಗಿಯೊಬ್ಬಳು ಇದನ್ನೆಲ್ಲ ಕೇಳುತ್ತ ನಿಂತಿದ್ದವಳು, “ಹಾಗಾದರೆ ಮಾಮಾ, ಅವರು ಬ್ರಿಟಿಷರ ಕಡೆಯವರೋ, ನಮ್ಮ ಕಡೆಯವರೋ?” ಎಂದು ಕೇಳಿಬಿಟ್ಟಳು. ಅಷ್ಟರಲ್ಲಿ ಸಾಲು ಮುಂದೆ ಸರಿಯಿತು. ಉತ್ತರ ಯಾರೂ ಹೇಳಲಿಲ್ಲ. ಆದರೆ ಪ್ರಶ್ನೆ ನಮ್ಮೊಡನೆ ಮನೆಗೆ ಬಂತು.

ಇಂದು ಆಂಧ್ರ, ಕರ್ನಾಟಕ, ಕೇರಳ ಎಂದು ಬೇರೆ ಬೇರೆಯಾಗಿರುವ ಈ ಸೀಮೆಗಳು ಆಗ ಒಂದೇ ಮದರಾಸು ಆಧಿಪತ್ಯಕ್ಕೆ ಸೇರಿದ್ದವು. ಮಂಗಳೂರು, ಕಾಸರಗೋಡು, ಬಳ್ಳಾರಿ, ಕೊಳ್ಳೇಗಾಲಗಳಿಗೂ ವಿಶಾಖಪಟ್ಟಣ, ಬೆಜವಾಡಗಳಿಗೂ ಹುಕುಂ ಹೊರಡುತ್ತಿದ್ದುದು ಒಂದೇ ಕೋಟೆಯಿಂದ. ಅದು ಸೇಂಟ್ ಜಾರ್ಜ್ ಕೋಟೆ. 1862ರಲ್ಲಿ ಮದರಾಸು ಹೈಕೋರ್ಟು ಆರಂಭವಾದ ಮೇಲೆ ಮಂಗಳೂರಿನ ಅಡಿಕೆ ತೋಟದ ವ್ಯಾಜ್ಯವೂ ವಿಶಾಖಪಟ್ಟಣದ ಜಮೀನುದಾರಿಯ ವ್ಯಾಜ್ಯವೂ ಅಪೀಲಿನಲ್ಲಿ ಅದೇ ಕಟ್ಟಡದ ಮೆಟ್ಟಲು ಹತ್ತಬೇಕಾಗಿತ್ತು. ಆಂಧ್ರರಿಗೆ ಗುಂಟೂರಿನಲ್ಲಿ ತಮ್ಮದೇ ಹೈಕೋರ್ಟು ಆದದ್ದು 1954ರಲ್ಲಿ. ದಕ್ಷಿಣ ಕನ್ನಡದವರು ಮದರಾಸನ್ನು ಬಿಟ್ಟದ್ದು 1956ರಲ್ಲಿ. ನಾವು ಇಲ್ಲಿ ಪರಸ್ಥಳದವರು ನಿಜ. ಆದರೆ ನಮ್ಮ ಮುತ್ತಜ್ಜಂದಿರೂ ಇಲ್ಲಿಯವರ ಮುತ್ತಜ್ಜಂದಿರೂ ಒಂದೇ ಕಟ್ಟಳೆಯ ಪುಸ್ತಕ ಓದಿದವರು.

ಕನ್ನಡ ನಾಡಿನ ನಂಟುಳ್ಳವರು ಈ ಕಡೆ ಅಧಿಕಾರ ನಡೆಸಿದ್ದು ಕಂಪೆನಿ ಸರ್ಕಾರದ ಕಾಲದಲ್ಲೇ ಮೊದಲೇನಲ್ಲ. ಉಡುಪಿಯ ಮಧ್ವಾಚಾರ್ಯರ ಶಿಷ್ಯರಾದ ನರಹರಿತೀರ್ಥರು 13ನೆಯ ಶತಮಾನದಲ್ಲಿ ಕಳಿಂಗದ ಗಂಗರಾಜರ ಆಡಳಿತದಲ್ಲಿ ದೊಡ್ಡ ಹೊಣೆ ಹೊತ್ತಿದ್ದರು. ಶ್ರೀಕೂರ್ಮಂ ದೇವಾಲಯದಲ್ಲಿ 1281ರ ಅವರ ಶಾಸನವಿದೆ. ಆದರೆ ಅದು ಅರಸು ಕರೆದು ಕೊಟ್ಟ ಅಧಿಕಾರ. ಅರ್ಜಿ ಹಾಕಿ, ಕಾದು, ತಿಂಗಳ ಸಂಬಳಕ್ಕೆ ಲೇಖನಿ ಹಿಡಿಯುವ ಉದ್ಯೋಗವೆಂಬುದು ಆಂಗ್ಲರ ಕಾಲದ್ದು.

ಆ ಲೇಖನಿಗೆ ಎಷ್ಟು ಬಲವಿತ್ತೆಂಬುದಕ್ಕೆ ಬೆಜವಾಡದಿಂದ ಕೃಷ್ಣಾನದಿ ದಾಟಿದರೆ ಸಿಗುವ ಗುಂಟೂರಿನ ಕತೆಯೇ ಸಾಕು. ಕಲೆಕ್ಟರು ದೊರೆಗಳು ಸೀಮೆಯಿಂದ ಬಂದವರು. ಎರಡು ಮೂರು ವರ್ಷವಿದ್ದು ವರ್ಗವಾಗಿ ಹೋಗುವವರು. ಹಳ್ಳಿಯ ಕರಣಂ ಬರೆದ ಲೆಕ್ಕವನ್ನು ಅವರೇ ಓದಬಲ್ಲವರಲ್ಲ. ನಡುವೆ ಇದ್ದವರು ಹುಜೂರು ಕಚೇರಿಯ ಶಿರಸ್ತೇದಾರರು. ಗುಂಟೂರಿನಲ್ಲಿ ಈ ಸ್ಥಾನಗಳು ಕೆಲವೇ ದೇಶಸ್ಥ ಮನೆತನಗಳ ಕೈಯಲ್ಲಿದ್ದವು. ಅಣ್ಣ ಶಿರಸ್ತೇದಾರ, ಭಾವಮೈದುನ ತಾಲೂಕಿನಲ್ಲಿ, ಸೋದರಳಿಯ ಲೆಕ್ಕದ ಮೇಜಿನಲ್ಲಿ ಎಂಬಂತೆ ಬಲೆ ಹರಡಿತ್ತು. 1832–33ರ ನಂದನ ಸಂವತ್ಸರದ ಕ್ಷಾಮದಲ್ಲಿ ಜನ ಹುಳುಗಳಂತೆ ಸತ್ತರು, ಊರುಗಳು ಹಾಳುಬಿದ್ದವು. ಅದರ ನಂತರವೂ ವರ್ಷಗಟ್ಟಲೆ ಕಂದಾಯದ ಲೆಕ್ಕದಲ್ಲಿ ಬರೆದದ್ದೊಂದು, ವಸೂಲಾದದ್ದೊಂದು.

ಕೊನೆಗೆ 1845ರಲ್ಲಿ ಇದರ ವಿಚಾರಣೆಗೆ ನೇಮಕವಾಗಿ ಬಂದವರು ಯಾರೆಂದರೆ ವಾಲ್ಟರ್ ಎಲಿಯಟ್. ಈ ಹೆಸರು ನಮ್ಮವರಿಗೆ ಹೊಸದಲ್ಲ. 1824ರಲ್ಲಿ ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆ ಸತ್ತಾಗ ರಾಣಿ ಚೆನ್ನಮ್ಮನ ಕಡೆಯವರ ಕೈಗೆ ಸೆರೆಸಿಕ್ಕ ಇಬ್ಬರು ಆಂಗ್ಲ ಅಧಿಕಾರಿಗಳಲ್ಲಿ ಈ ಎಲಿಯಟ್ ಒಬ್ಬ. ಮುಂದೆ ಧಾರವಾಡ ಸೀಮೆಯಲ್ಲಿ ತಿರುಗಾಡಿ ನೂರಾರು ಕನ್ನಡ ಶಾಸನಗಳ ಪ್ರತಿ ಮಾಡಿಸಿದವನೂ ಅವನೇ. ಕಲ್ಲಿನ ಮೇಲಿನ ಅಕ್ಷರ ಬಿಡಿಸಿ ಅಭ್ಯಾಸವಿದ್ದವನು ಗುಂಟೂರಿನ ಕಾಗದದ ಅಕ್ಷರವನ್ನೂ ಬಿಡಿಸಿದ. ಕಲೆಕ್ಟರನ ಹೆಸರಿನಲ್ಲಿ ಜಿಲ್ಲೆಯನ್ನು ಆಳುತ್ತಿದ್ದುದು ಕಚೇರಿಯ ಸಿಬ್ಬಂದಿ ಎಂಬುದು ಬಯಲಾಯಿತು. ಈ ಇಡೀ ಪ್ರಕರಣವನ್ನು ರಾಬರ್ಟ್ ಫ್ರೈಕೆನ್‌ಬರ್ಗ್ ಎಂಬ ಇತಿಹಾಸಕಾರರು 1965ರಲ್ಲಿ ಒಂದು ಪುಸ್ತಕವಾಗಿಯೇ ಬರೆದಿದ್ದಾರೆ.

1854ರಲ್ಲಿ ಮದರಾಸಿನ ರೆವಿನ್ಯೂ ಬೋರ್ಡು ಒಂದು ಸ್ಥಾಯೀ ಆಜ್ಞೆ ಹೊರಡಿಸಿತು. ಜಿಲ್ಲೆಯ ಕೆಳದರ್ಜೆಯ ನೌಕರಿಗಳು ಕೆಲವು ಪ್ರಬಲ ಮನೆತನಗಳ ಸೊತ್ತಾಗಬಾರದು, ಮುಖ್ಯ ಜಾತಿಗಳಿಗೆಲ್ಲ ಹಂಚಿಹೋಗಬೇಕು ಎಂಬುದು ಅದರ ತಾತ್ಪರ್ಯ. ಆಜ್ಞೆಯೇನೋ ಒಳ್ಳೆಯದೇ. ಆದರೆ ಅದನ್ನು ನಕಲು ಮಾಡಿ ತಾಲೂಕುಗಳಿಗೆ ಕಳಿಸಿದವರೂ ಅದೇ ಮನೆತನಗಳ ಗುಮಾಸ್ತೆಗಳೇ ಅಲ್ಲವೆ! ಕಾಗದದಲ್ಲಿದ್ದುದು ಕಾರ್ಯಕ್ಕೆ ಬರಲು 1920ರ ದಶಕದ ಸರ್ಕಾರೀ ಆದೇಶಗಳೂ, 1929ರಲ್ಲಿ ಭಾರತದ ಪ್ರಾಂತಗಳಲ್ಲೇ ಮೊದಲನೆಯದಾಗಿ ಹುಟ್ಟಿದ ಮದರಾಸು ಸರ್ವಿಸ್ ಕಮಿಷನ್ನೂ ಬೇಕಾದವು.

ಹಾಗೆಂದು ಎಲ್ಲ ಗುಮಾಸ್ತೆಗಳೂ ಗುಂಟೂರಿನವರಲ್ಲ. ಬಹುಪಾಲು ಮಂದಿ ಬಡವರ ಮಕ್ಕಳು. ಸರ್ಕಾರಿ ಕೆಲಸದಲ್ಲಿ ಇಂಗ್ಲಿಷು ಕಲಿತವರಿಗೇ ಆದ್ಯತೆ ಎಂದು 1844ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜ್ ಸಾರಿದ ಮೇಲೆ, ಮನೆಯ ಒಡವೆ ಅಡವಿಟ್ಟಾದರೂ ಒಬ್ಬ ಹುಡುಗನಿಗೆ ಇಂಗ್ಲಿಷು ಹೇಳಿಸುವುದು ಸಂಸಾರಗಳ ವ್ರತವಾಯಿತು. ಓದು ಮುಗಿಸಿದವನು ಸಂಬಳವಿಲ್ಲದೆ ಕಚೇರಿಯ ಮೂಲೆಯಲ್ಲಿ ನಕಲು ಬರೆಯುತ್ತ, ಯಾರಾದರೂ ಸತ್ತರೋ ನಿವೃತ್ತರಾದರೋ ಆ ಜಾಗ ತನಗೆ ಬಂದೀತೆಂದು ಕಾಯುವನು. ಅವನಿಗೆ ಉಮೇದುವಾರನೆಂದು ಹೆಸರು. ಮುಂದೆ ಚುನಾವಣೆಗೆ ನಿಂತವರಿಗೂ ಕನ್ನಡದಲ್ಲಿ ಅದೇ ಹೆಸರು ಬಂತು. ಕಾಯುವ ಕೆಲಸ ಇಬ್ಬರಿಗೂ ಸಮಾನವೆಂದೇ ಇರಬೇಕು. ರೈಲು ಬಂದ ಮೇಲೆ ದಾರಿ ಇನ್ನೊಂದಾಯಿತು. ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿ ಧಾರವಾಡದಲ್ಲಿತ್ತು. ಅದರ ಮೀಟರ್ ಗೇಜ್ ಹಾದಿ ಹುಬ್ಬಳ್ಳಿಯಿಂದ ಗುಂತಕಲ್ಲಿನ ಮೇಲೆ ಬೆಜವಾಡದವರೆಗೆ ಸಾಗಿತ್ತು. ಧಾರವಾಡದ ಕಾರಕೂನರಿಗೆ ಬೆಜವಾಡ ಆ ಹಾದಿಯ ಕೊನೆಯ ನಿಲ್ದಾಣ.

ತಂಜಾವೂರು ಸೀಮೆಯ ಟಿ. ಮುತ್ತುಸ್ವಾಮಿ ಅಯ್ಯರ್ ಎಂಬ ಬಡ ಹುಡುಗ ಹಳ್ಳಿಯ ಲೆಕ್ಕಿಗನ ಕೈಕೆಳಗೆ ತಿಂಗಳಿಗೆ ಒಂದು ರೂಪಾಯಿಗೆ ದುಡಿದ. ಅಲ್ಲಿಂದ ಓದಿ, ಪರೀಕ್ಷೆ ಗೆದ್ದು, 1865ರಿಂದ ಕೆಲವು ವರ್ಷ ದಕ್ಷಿಣ ಕನ್ನಡದಲ್ಲಿ ಸಬ್ ಜಡ್ಜಾಗಿದ್ದು, 1870ರ ದಶಕ ಮುಗಿಯುವುದರೊಳಗೆ ಮದರಾಸು ಹೈಕೋರ್ಟಿನ ಪೀಠದಲ್ಲಿ ಕುಳಿತ ಮೊದಲ ಭಾರತೀಯರಾದರು. ಅಂಥವರು ಒಬ್ಬರು. ಅದೇ ಒಂದು ರೂಪಾಯಿಯಲ್ಲಿ ಉಳಿದುಹೋದವರ ಹೆಸರು ಯಾರ ನೆನಪಿನಲ್ಲಿದೆ?

ಇನ್ನು ನ್ಯಾಯದ ಮಾತು. ಸಿಂಹಾಚಲದ ಮೇಲೆ ನಿಂತು ವಾಯವ್ಯಕ್ಕೆ ನೋಡಿದರೆ ಪಾಡೇರು, ಚಿಂತಪಲ್ಲಿಯ ಕಡೆಯ ಬೆಟ್ಟಸಾಲು ಇರುವ ದಿಕ್ಕು. 1830ರ ದಶಕದಲ್ಲಿ ಈ ಜಿಲ್ಲೆಯಲ್ಲೂ ನೆರೆಯ ಗಂಜಾಮಿನಲ್ಲೂ ದಂಗೆಗಳೆದ್ದವು. (ನಮ್ಮ ಸುಳ್ಯ, ಪುತ್ತೂರುಗಳ ರೈತರು ಎದ್ದು ಮಂಗಳೂರಿಗೆ ನುಗ್ಗಿದ್ದೂ ಅದೇ ದಶಕದಲ್ಲಿ, 1837ರಲ್ಲಿ. ಧಾನ್ಯದಲ್ಲಿ ಕೊಡುತ್ತಿದ್ದ ಕಂದಾಯವನ್ನು ಹಣದಲ್ಲೇ ಕೊಡಿ ಎಂದದ್ದು ಅಲ್ಲಿಯ ಕಿಚ್ಚಿಗೆ ಒಂದು ಕಾರಣ.) ಇವನ್ನು ಅಡಗಿಸಿದ ಮೇಲೆ 1839ರ 24ನೆಯ ಕಾಯಿದೆ ಬಂತು. ಬೆಟ್ಟದ ಸೀಮೆಗೆ ಸಾಧಾರಣ ನ್ಯಾಯಾಲಯಗಳ ಅಧಿಕಾರ ನಡೆಯದು. ಕಲೆಕ್ಟರನೇ ಗವರ್ನರನ ಏಜೆಂಟನಾಗಿ ಆಡಳಿತವನ್ನೂ ನ್ಯಾಯವನ್ನೂ ನೋಡಿಕೊಳ್ಳುವನು ಎಂದಾಯಿತು. ಮೊದಲು ಜಿಲ್ಲೆಯ ಬಹುಪಾಲು ಇದರೊಳಗೇ ಇತ್ತು. ಮುಂದೆ ಬಯಲಿನ ಜಮೀನುದಾರಿಗಳನ್ನು ಹೊರಗೆ ತೆಗೆದರು. ಇಲ್ಲಿಯವರು ಈಗಲೂ ‘ಏಜೆನ್ಸಿ’ ಎನ್ನುವ ಮಾತಿನ ಮೂಲ ಇದು.

ಬೆಟ್ಟದವರಿಗೆ ಕೋರ್ಟಿಲ್ಲದೆ ಹೋದದ್ದು ಅನ್ಯಾಯವೆನ್ನಬಹುದು. ಕೋರ್ಟಿದ್ದ ಕಡೆ ಏನಾಯಿತೆಂದು ನೋಡಿ. ಗೋದಾವರಿಯ ರಂಪ ಬೆಟ್ಟಗಳಲ್ಲಿ ಬಯಲಿನ ಸಾಹುಕಾರರು ಕೋಯರಿಂದಲೂ ರೆಡ್ಡಿಗಳಿಂದಲೂ ಪತ್ರ ಬರೆಸಿಕೊಂಡು, ದೂರದ ಕೋರ್ಟಿನಲ್ಲಿ ದಾವೆ ಹೂಡುತ್ತಿದ್ದರು. ಸಮನ್ಸೆಂದರೇನೆಂದು ತಿಳಿಯದವನು ಹಾಜರಾಗುವುದೆಲ್ಲಿ ಬಂತು? ಏಕಪಕ್ಷೀಯ ಡಿಕ್ರಿಯಾಗಿ ದನಕರು ಜಪ್ತಿಯಾದ ಮೇಲೆಯೇ ಅವನಿಗೆ ಸುದ್ದಿ. ಹೆಂಡದ ಮೇಲಿನ ತೆರಿಗೆ, ಪೋಲೀಸರ ಕಾಟ, ಇದು, ಎಲ್ಲ ಸೇರಿ 1879ರ ದಂಗೆಯಾಯಿತು.

ಅದಾಗಿ ನಾಲ್ಕು ದಶಕ ಕಳೆದ ಮೇಲೆ ಗೂಡೆಂನಲ್ಲಿ ಬಾಸ್ಟಿಯನ್ ಎಂಬ ಡೆಪ್ಯುಟಿ ತಹಶೀಲ್ದಾರನು ಬೆಟ್ಟದವರನ್ನು ಅಗ್ಗದ ಕೂಲಿಗೆ ಹಿಡಿದು ರಸ್ತೆ ಮಾಡಿಸತೊಡಗಿದ. ಪೋಡು ಬೇಸಾಯಕ್ಕೆ ಅರಣ್ಯದ ಕಾಯಿದೆ ಮೊದಲೇ ಅಡ್ಡವಿತ್ತು. ಅಲ್ಲೂರಿ ಸೀತಾರಾಮರಾಜು 1922ರ ಆಗಸ್ಟಿನಲ್ಲಿ ಚಿಂತಪಲ್ಲಿ, ಕೃಷ್ಣದೇವಿಪೇಟ, ರಾಜವೊಮ್ಮಂಗಿ ಠಾಣೆಗಳಿಗೆ ದಿನಕ್ಕೊಂದರಂತೆ ನುಗ್ಗಿದರು. ತೆಗೆದುಕೊಂಡ ಬಂದೂಕುಗಳ ಲೆಕ್ಕವನ್ನು ಠಾಣೆಯ ಪುಸ್ತಕದಲ್ಲೇ ಬರೆದು ರುಜು ಹಾಕಿ ಹೋದರೆಂಬ ಮಾತು ಈ ಸೀಮೆಯಲ್ಲಿ ಇಂದಿಗೂ ಪ್ರಸಿದ್ಧ. ಕಚೇರಿಯವರ ಆಯುಧವೇ ಕಾಗದ. ಅದರಲ್ಲೇ ಅವರಿಗೆ ರಸೀದಿ ಕೊಟ್ಟಂತಾಯಿತು. 1924ರ ಮೇ 7ರಂದು ರಾಜುವನ್ನು ಹಿಡಿದು ಗುಂಡಿಕ್ಕಿದರು. ಪಾಡೇರು ಕೇಂದ್ರವಾಗಿ 2022ರಲ್ಲಿ ಆದ ಜಿಲ್ಲೆಗೆ ಅವರ ಹೆಸರಿದೆ.

ಚುನಾವಣೆಯ ವಿಷಯ ಚಿಕ್ಕದಾಗಿ ಹೇಳಿಬಿಡಬಹುದು, ಏಕೆಂದರೆ ಮತ ಕೊಡುವವರೇ ಚಿಕ್ಕ ಗುಂಪು. 1919ರ ಕಾಯಿದೆಯಂತೆ 1920ರಲ್ಲಿ ಮೊದಲ ಚುನಾವಣೆ ನಡೆದಾಗ ಭೂಕಂದಾಯವನ್ನೋ ಪುರಸಭೆಯ ತೆರಿಗೆಯನ್ನೋ ಕೊಡುವವನಿಗೆ ಮಾತ್ರ ಮತ. ಹೆಂಗಸರಿಗೆ ಅದೂ ಇಲ್ಲ. 1921ರಲ್ಲಿ ಮದರಾಸು ಶಾಸನಸಭೆ ಹೆಂಗಸರಿಗೂ ಮತದ ಹಕ್ಕು ಕೊಟ್ಟಿತು. ಬ್ರಿಟಿಷ್ ಭಾರತದ ಪ್ರಾಂತಗಳಲ್ಲಿ ಇದೇ ಮೊದಲು. 1926ರಲ್ಲಿ ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯರು ಅದೇ ಸಭೆಗೆ ಸ್ಪರ್ಧಿಸಿ ಸ್ವಲ್ಪದರಲ್ಲೇ ಸೋತರು. ಹಾಗೆ ಚುನಾವಣೆಗೆ ನಿಂತ ಮೊದಲ ಹೆಂಗಸರ ಸಾಲಿನಲ್ಲಿ ಅವರ ಹೆಸರಿದೆ.

1937ರಲ್ಲಿ ಓದು ಬಾರದ ಮತದಾರರಿಗಾಗಿ ಪಕ್ಷಕ್ಕೊಂದು ಬಣ್ಣದ ಪೆಟ್ಟಿಗೆ ಇಟ್ಟರು. ಕಾಂಗ್ರೆಸ್ಸಿನದು ಹಳದಿ. ಮದರಾಸು ವಿಧಾನಸಭೆಯ 215 ಸ್ಥಾನಗಳಲ್ಲಿ 159 ಆ ಹಳದಿ ಪೆಟ್ಟಿಗೆಗೇ ಬಿದ್ದವು. ಈ ಕಡೆಯ ದೊಡ್ಡ ಸುದ್ದಿಯೆಂದರೆ ಬೊಬ್ಬಿಲಿಯದು. ಪ್ರಾಂತದ ಮುಖ್ಯಮಂತ್ರಿಯಾಗಿದ್ದ ಬೊಬ್ಬಿಲಿಯ ರಾಜರೇ ತಮ್ಮ ಊರಿನಲ್ಲಿ ಕಾರ್ಮಿಕ ನಾಯಕ ವಿ.ವಿ. ಗಿರಿಯವರಿಗೆ ಸೋತರು. ಆದರೆ ಅದೇ 215ರಲ್ಲಿ ಜಮೀನುದಾರರಿಗೆಂದೇ 6 ಸ್ಥಾನಗಳಿದ್ದವು. ಹಿಂದುಳಿದ ಪ್ರದೇಶಗಳ ಮತ್ತು ಗುಡ್ಡಗಾಡಿನ ಜನರಿಗೆಲ್ಲ ಸೇರಿ ಇದ್ದುದು ಒಂದು.

ನಿಜರೂಪದರ್ಶನವಾಗಿ ವಾರವೊಂದು ಕಳೆದಿರಬೇಕು. ಪ್ರಶ್ನೆ ಕೇಳಿದ ಆ ಹುಡುಗಿಯೇ ನಮ್ಮ ಮನೆಗೆ ಬಂದಳು. ಅವಳ ಅಜ್ಜಿಯ ಟ್ರಂಕಿನಲ್ಲಿ ಒಂದು ಕಾಗದ ಸಿಕ್ಕಿತ್ತು. ಅದು ಅವಳ ಮುತ್ತಜ್ಜ ನೌಕರಿಗಾಗಿ ಬರೆದ ಅರ್ಜಿಯ ಕರಡು. ಮುತ್ತು ಪೋಣಿಸಿದಂಥ ಇಂಗ್ಲಿಷು ಅಕ್ಷರ. ಕೊನೆಯಲ್ಲಿ ತಮ್ಮ ಅತ್ಯಂತ ವಿಧೇಯ ಸೇವಕನೆಂಬ ಒಕ್ಕಣೆ. ವಿಧೇಯ ಎಂಬ ಮಾತನ್ನು ಎರಡು ಸಲ ಹೊಡೆದು ಹಾಕಿ ಮತ್ತೆ ಬರೆದಿದ್ದಾರೆ. ಹಾಳೆಯ ಬೆನ್ನಿಗೆ ಪೆನ್ಸಿಲಿನಲ್ಲಿ, ಕನ್ನಡದಲ್ಲಿ, ಮನೆಯ ಲೆಕ್ಕ: ಅಕ್ಕಿ, ಸೀಮೆಯೆಣ್ಣೆ, ತಮ್ಮನ ಶಾಲೆಯ ಫೀಸು, ಅಮ್ಮನ ಔಷಧ. “ಈಗ ಹೇಳಿ ಮಾಮಾ” ಎಂದಳು. ನಾವು ಮೇಲೆ ಬರೆದದ್ದನ್ನೆಲ್ಲ ಹೇಳಿದೆವು. ಅವಳಿಗೆ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ. ಕಾಗದವನ್ನು ಮಡಿಸಿ ಪುಸ್ತಕದ ನಡುವೆ ಜೋಪಾನವಾಗಿ ಇಟ್ಟುಕೊಂಡು ಹೋದಳು.

ಇಂಥ ಅರ್ಜಿ, ಡಿಕ್ರಿಯ ನಕಲು, ಮತದಾರರ ಪಟ್ಟಿಯ ಹಾಳೆ ನಮ್ಮ ಓದುಗರ ಮನೆಗಳಲ್ಲೂ ಇರಬಹುದು. ಇದ್ದರೆ ಅದರ ಚಿತ್ರ ತೆಗೆದು ಪತ್ರಿಕೆಗೆ ಕಳಿಸಿಕೊಡಿ. ಮೂಲ ಕಾಗದವನ್ನು ಮಾತ್ರ ಕಳಿಸಬೇಡಿ; ಅಂಚೆಯಲ್ಲಿ ಕಳೆದೀತು.