ಪುಣೆ–ಸಿಕಂದರಾಬಾದ್ ಹಳಿಯ ಮೇಲೆ ಸೇನೆಯ ಉನ್ನತ ಓದು

ನಮ್ಮ ಕಲಬುರಗಿಯ ಬ್ರಹ್ಮಪುರ ಬಡಾವಣೆಯವರು ಊರ ಸ್ಟೇಷನ್ನಿನಲ್ಲಿ ಹತ್ತುವ ಗಾಡಿ ಒಂದು ಕಡೆ ಸೊಲ್ಲಾಪುರ ದಾಟಿ ಪುಣೆಗೆ ಹೋಗುತ್ತದೆ, ಇನ್ನೊಂದು ಕಡೆ ವಾಡಿ ಮೇಲಿಂದ ಸಿಕಂದರಾಬಾದಿಗೆ. ಸೇನಾಧಿಕಾರಿಗಳು ನೌಕರಿಯಲ್ಲಿದ್ದುಕೊಂಡೇ ಸ್ನಾತಕೋತ್ತರ ಪದವಿ ಪಡೆಯುವ ದೊಡ್ಡ ವಿದ್ಯಾಲಯಗಳು ಈ ಹಳಿಯ ಎರಡೂ ತುದಿಗೆ ಇವೆ.

ಈ ಓದಿನ ಬೇರು ಎರಡನೇ ಮಹಾಯುದ್ಧದಲ್ಲಿದೆ. ಬ್ರಿಟನ್ನಿನ ಭೌತವಿಜ್ಞಾನಿ ಪ್ಯಾಟ್ರಿಕ್ ಬ್ಲ್ಯಾಕೆಟ್ ಮತ್ತು ಸಂಗಡಿಗರು ಅಟ್ಲಾಂಟಿಕ್‌ನಲ್ಲಿ ಮುಳುಗಿದ ಹಡಗುಗಳ ಲೆಕ್ಕ ಹರವಿಕೊಂಡು ಕೂತರು. ಸರಕು ಹಡಗುಗಳು ದೊಡ್ಡ ಗುಂಪಾಗಿ ಸಾಗಿದರೆ ಮುಳುಗುವ ಪಾಲು ಕಡಿಮೆ ಎಂದು ಆ ಅಂಕಿಗಳೇ ಹೇಳಿದವು. ಇದ್ದ ಮಾಹಿತಿಯನ್ನು ಸರಿಯಾಗಿ ಓದಿದ್ದರಿಂದ ಎಷ್ಟೋ ನಾವಿಕರ ಜೀವ ಉಳಿಯಿತು. ಇದೇ ಬ್ಲ್ಯಾಕೆಟ್ ನೆಹರೂ ಕರೆಯ ಮೇಲೆ ಬಂದು, 1948ರಲ್ಲಿ ಭಾರತದ ರಕ್ಷಣಾ ವಿಜ್ಞಾನದ ಬಗ್ಗೆ ವರದಿ ಕೊಟ್ಟರು.

1952ರಲ್ಲಿ ಪುಣೆಯ ಖಡ್ಕಿಯಲ್ಲಿ ಶಸ್ತ್ರಾಸ್ತ್ರ ಅಧ್ಯಯನ ಸಂಸ್ಥೆ ಶುರುವಾಯಿತು. ಇಂದು ಪುಣೆಯ ಗಿರಿನಗರದಲ್ಲಿರುವ ಡೀಮ್ಡ್ ವಿಶ್ವವಿದ್ಯಾಲಯ, ರಕ್ಷಣಾ ಉನ್ನತ ತಂತ್ರಜ್ಞಾನ ಸಂಸ್ಥೆ (ಡಿಐಎಟಿ), ಅದರದೇ ಮುಂದುವರಿಕೆ. 1970ರ ಡಿಸೆಂಬರಿನಲ್ಲಿ ಸಿಕಂದರಾಬಾದಿನಲ್ಲಿ ರಕ್ಷಣಾ ನಿರ್ವಹಣಾ ಸಂಸ್ಥೆ ತೆರೆಯಿತು. ಮೂರೂ ಪಡೆಗಳ ಹಿರಿಯ ಅಧಿಕಾರಿಗಳು ಅಲ್ಲಿ ಓದುತ್ತಾರೆ. ಪದವಿ ಉಸ್ಮಾನಿಯಾ ವಿಶ್ವವಿದ್ಯಾಲಯದ್ದು. ಕಲಬುರಗಿ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು, ನಮ್ಮ ಹಿರಿಯರು ಡಿಗ್ರಿಗೆ ಹೋಗುತ್ತಿದ್ದುದೂ ಅದೇ ಉಸ್ಮಾನಿಯಾಕ್ಕೆ. ಸಿಕಂದರಾಬಾದಿನದೇ ಎಂಸಿಇಎಂಇ, ಮಧ್ಯಪ್ರದೇಶದ ಮಹೂವಿನ ಎಂಸಿಟಿಇ ಎಂಬ ಸೇನೆಯ ತಾಂತ್ರಿಕ ಕಾಲೇಜುಗಳಲ್ಲೂ ಅಧಿಕಾರಿಗಳು ಎಂ.ಟೆಕ್ ಓದುತ್ತಾರೆ.

ಇಂಥ ಓದಿನ ಒಂದು ವಿಷಯ, ಮಾಹಿತಿ ವ್ಯವಸ್ಥೆಯನ್ನೇ ನೋಡಿ. ರಾಜಸ್ಥಾನದ ಮರಳಿನಲ್ಲಿ ಒಂದು ಟ್ಯಾಂಕ್ ಕೆಟ್ಟು ನಿಂತಿದೆ ಎನ್ನಿ. ಬೇಕಾದ ಬಿಡಿಭಾಗ ಖಡ್ಕಿಯ ಡಿಪೋದಲ್ಲಿದೆ. ಆದರೆ ವರ್ಕ್‌ಶಾಪು ಕಳಿಸಿದ ಇಂಡೆಂಟಿನಲ್ಲಿ (ಬೇಡಿಕೆ ಪತ್ರದಲ್ಲಿ) ಪಾರ್ಟ್ ನಂಬರಿನ ಒಂದಂಕಿ ತಪ್ಪಿದೆ. ಡಿಪೋದವರು ‘ಸ್ಟಾಕ್ ಇಲ್ಲ’ ಎಂದು ಬರೆದು ಕಳಿಸುತ್ತಾರೆ. ವರ್ಕ್‌ಶಾಪಿನ ಲೆಜರು ಒಂದು ಹೇಳಿದರೆ ಡಿಪೋದ ಲೆಜರು ಇನ್ನೊಂದು ಹೇಳುತ್ತದೆ, ಟ್ಯಾಂಕ್ ನಿಂತಲ್ಲೇ ಇರುತ್ತದೆ. ಯಾರು ಏನು ಬರೆಯಬೇಕು, ಯಾರಿಗೆ ಅದು ಕಾಣಬೇಕು, ಯಾರಿಗೆ ಕಾಣಬಾರದು, ಸಂಪರ್ಕ ಕಡಿದರೆ ಯಾವ ಲೆಕ್ಕ ನಂಬಬೇಕು? ಮಾಹಿತಿ ವ್ಯವಸ್ಥೆಯ ಓದು ಈ ಪ್ರಶ್ನೆಗಳದ್ದು. ಇವುಗಳ ಉತ್ತರ ಮೊದಲು ಸಿಗಬೇಕು, ಕಂಪ್ಯೂಟರ್ ಆಮೇಲೆ.

ಅಮೆರಿಕದ ನೌಕಾಪಡೆ ಇಂಥ ಸ್ನಾತಕೋತ್ತರ ಶಾಲೆಯನ್ನು 1909ರಲ್ಲೇ ತೆರೆದಿತ್ತು. 1951ರಲ್ಲಿ ಅದು ಮಾಂಟೆರೆಗೆ ಬಂತು. ಅಲ್ಲಿ ಪಾಠ ಹೇಳುತ್ತಿದ್ದ ಗ್ಯಾರಿ ಕಿಲ್ಡಾಲ್ 1974ರಲ್ಲಿ ಕಟ್ಟಿದ ಸಿಪಿ/ಎಂ, ಪುಟ್ಟ ಕಂಪ್ಯೂಟರುಗಳ ಮೊದಲ ಹೆಸರುವಾಸಿ ಆಪರೇಟಿಂಗ್ ಸಿಸ್ಟಂ ಆಯಿತು. ಸೈನಿಕರಿಗೆ ಕಲಿಸಲು ಇಟ್ಟ ದುಡ್ಡು ಊರಿಗೂ ಫಲ ಕೊಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಾಣದು.

ನಮ್ಮಲ್ಲಿ ಈ ಓದಿನ ದಾರಿ ಬಹುಮಟ್ಟಿಗೆ ಅಧಿಕಾರಿಗಳದ್ದಾಗಿಯೇ ಬೆಳೆಯಿತು. 2009ರಲ್ಲಿ ಸೇನೆ ಮತ್ತು ಇಗ್ನೋ ಮುಕ್ತ ವಿಶ್ವವಿದ್ಯಾಲಯ ಸೇರಿ ‘ಜ್ಞಾನದೀಪ’ ಯೋಜನೆ ತಂದು, ಸಾಮಾನ್ಯ ಸೈನಿಕರ ತರಬೇತಿಯನ್ನೇ ಓದಿನ ಲೆಕ್ಕಕ್ಕೆ ಹಿಡಿದವು. ಆ ಯೋಚನೆ ಸ್ನಾತಕೋತ್ತರದವರೆಗೂ ಏರಬೇಕು. ನಮ್ಮ ಜಿಲ್ಲೆಯ ಕಮಲಾಪುರ ಕಡೆಯಿಂದ ಸೇನೆ ಸೇರಿ, ವರ್ಷಗಟ್ಟಲೆ ಲೆಜರು ನೋಡಿಕೊಂಡ ಹವಾಲ್ದಾರನಿಗೆ ಮೇಲಿನ ಟ್ಯಾಂಕಿನ ಕಷ್ಟ ಯಾವ ಪ್ರೊಫೆಸರಿಗಿಂತಲೂ ಚೆನ್ನಾಗಿ ಗೊತ್ತು. 1958ರ ಪಿಡಿಎ ಎಂಜಿನಿಯರಿಂಗ್ ಕಾಲೇಜು, 1980ರ ಗುಲಬರ್ಗಾ ವಿಶ್ವವಿದ್ಯಾಲಯ ನಮ್ಮೂರಲ್ಲೇ ಇವೆ. ಪೆನ್ಷನ್ ಪಡೆದು ಬಂದ ಯೋಧರಿಗೆಂದು ಅವು ಈ ಓದಿನ ಒಂದು ಸಂಜೆ ತರಗತಿ ತೆರೆಯಲಿ.