ಭಾನುವಾರದ ಬೈಬಲ್ ಪಾಠ: ಸಂಜೆ ಐದಕ್ಕೆ ಬಂದವನಿಗೂ ಪೂರ್ತಿ ಪಗಾರ ಯಾಕೆ?

ಕುಡಚಿಯಿಂದ ಮಾತಾಡಾಕತ್ತೀನಿ. ಚರ್ಚ್‌ನಲ್ಲಿ ಪ್ರತಿ ಭಾನುವಾರ ಬೈಬಲ್ ಓದ್ತಾರಲ್ಲ, ಯಾವ ಭಾಗ ಓದಬೇಕು ಅಂತ ಯಾರು ಠರಾವು ಮಾಡ್ತಾರೆ? ಓದಿದ ಮೇಲೆ ಫಾದರ್ ಅದರ ಮೇಲೆ ಮಾತಾಡೋದು ಹೆಂಗೆ? ಇವತ್ತಿನ ಎಪಿಸೋಡ್ ಇದರ ಬಗ್ಗೆ.

ಮೊದಲೇ ಹೇಳಿಬಿಡ್ತೀನಿ, ನಾನು ಕ್ರೈಸ್ತ ಅಲ್ಲ. ಬಿ.ಕಾಂ ಓದಿದವ. 2023ರ ಸೆಪ್ಟೆಂಬರ್ 24, ಭಾನುವಾರ, ಗೆಳೆಯನೊಬ್ಬ ಕರೆದ ಅಂತ ರೈಲು ಹತ್ತಿ ಬೆಳಗಾವಿಯ ಒಂದು ಕ್ಯಾಥೊಲಿಕ್ ಚರ್ಚ್‌ಗೆ ಹೋಗಿದ್ದೆ. ಅವತ್ತು ಕೇಳಿದ ಕಥೆ ಇನ್ನೂ ತಲೆಯಾಗ ಕುಂತೈತಿ.

ಪಾಠ ಆರಿಸೋದು ಯಾರು?

ಫಾದರ್ ಅಂತೂ ಅಲ್ಲ. ಅದಕ್ಕೊಂದು ಪಟ್ಟಿ ಇದೆ. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ, 1969ರಲ್ಲಿ, ಕ್ಯಾಥೊಲಿಕ್ ಸಭೆ ಭಾನುವಾರಗಳಿಗೆ ಮೂರು ವರ್ಷದ ಚಕ್ರ ಮಾಡಿತು. ಮೊದಲ ವರ್ಷ ಮತ್ತಾಯ, ಎರಡನೇ ವರ್ಷ ಮಾರ್ಕ, ಮೂರನೇ ವರ್ಷ ಲೂಕ. ಯೋಹಾನನ ಭಾಗಗಳು ನಡುನಡುವೆ ಬರ್ತಾವೆ. ಇದೇ ಮಾದರಿ ಹಿಡಿದು 1992ರಲ್ಲಿ ಹಲವು ಪ್ರಾಟೆಸ್ಟಂಟ್ ಸಭೆಗಳೂ ಒಂದು ಪಟ್ಟಿ ತಂದವು. ನಮ್ಮ ಕಡೆಯ ಸಿಎಸ್‌ಐ ಚರ್ಚ್‌ಗಳಿಗೆ ಬೇರೆ ಆಲ್ಮನಾಕ್ ಇದೆ. ಅದರಲ್ಲಿ ಪ್ರತಿ ಭಾನುವಾರಕ್ಕೂ ಒಂದು ವಿಷಯ ಕೊಟ್ಟಿರ್ತಾರೆ.

ಒಂದು ಸಣ್ಣ ಲೆಕ್ಕ ನೋಡ್ರಿ. ಇಸವಿಯನ್ನು 3ರಿಂದ ಭಾಗಿಸಿ. ಶೇಷ 1 ಬಂದರೆ ಮತ್ತಾಯ, 2 ಬಂದರೆ ಮಾರ್ಕ, ಶೇಷ ಇಲ್ಲದಿದ್ದರೆ ಲೂಕ. ಆದರೆ ನಮ್ಮ ಹಣಕಾಸು ವರ್ಷ ಏಪ್ರಿಲ್‌ಗೆ ಶುರುವಾದಂಗೆ, ಚರ್ಚ್‌ನ ವರ್ಷ ಕ್ರಿಸ್‌ಮಸ್‌ಗೆ ನಾಲ್ಕು ಭಾನುವಾರ ಮುಂಚೆಯೇ ಶುರುವಾಗ್ತದೆ.

ಸಾಮಾನ್ಯವಾಗಿ ನಾಲ್ಕು ಭಾಗ ಇರ್ತಾವೆ: ಹಳೆಯ ಒಡಂಬಡಿಕೆಯಿಂದ ಒಂದು, ಒಂದು ಕೀರ್ತನೆ, ಒಂದು ಪತ್ರ, ಕೊನೆಗೆ ಶುಭಸಂದೇಶ. ಮೊದಲನೆಯದಕ್ಕೂ ಕೊನೆಯದಕ್ಕೂ ನಂಟು ಇಟ್ಟೇ ಆರಿಸಿರ್ತಾರೆ. ಆ ನಂಟು ಹುಡುಕಿದರೆ ಚಿಂತನೆಯ ದಾರಿ ಸಿಕ್ಕಂಗೆ.

ಅವತ್ತಿನ ಕಥೆ

ಮತ್ತಾಯ 20ನೇ ಅಧ್ಯಾಯ. ದ್ರಾಕ್ಷಿತೋಟದ ಮಾಲೀಕ ನಸುಕಿಗೇ ಪೇಟೆಗೆ ಹೋಗಿ ಆಳು ಕರೆತರ್ತಾನೆ. ದಿನಕ್ಕೆ ಒಂದು ದಿನಾರಿ ಅಂತ ಮಾತಾಗ್ತದೆ. ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಮತ್ತೆ ಹೋಗ್ತಾನೆ. ಐದಕ್ಕೆ ಹೋದಾಗಲೂ ಕೆಲವರು ನಿಂತೇ ಇರ್ತಾರೆ. ಯಾಕೆ ಅಂದರೆ, ನಮ್ಮನ್ನ ಯಾರೂ ಕರೀಲಿಲ್ಲ ಅಂತಾರೆ. ಸಂಜೆ ಪಗಾರ ಹಂಚುವಾಗ ಎಲ್ಲರಿಗೂ ಅದೇ ಒಂದು ದಿನಾರಿ! ಬೆಳಗಿನಿಂದ ಬಿಸಿಲಲ್ಲಿ ದುಡಿದವರು ಗೊಣಗ್ತಾರೆ.

ಸಂಜೆಯೇ ಯಾಕೆ ಹಂಚಿದ? ಹಳೆಯ ಒಡಂಬಡಿಕೆಯ ನಿಯಮವೇ ಹಂಗೈತಿ: ಬಡವನ ಕೂಲಿ ಸೂರ್ಯ ಮುಳುಗೋದರೊಳಗೆ ಕೊಡಬೇಕು. ಅವತ್ತಿನ ಕೂಲಿ ಅಂದರೆ ಅವತ್ತಿನ ಊಟ. ಐದಕ್ಕೆ ಬಂದವನ ಮಕ್ಕಳಿಗೂ ಹಸಿವು ಅಷ್ಟೇ ಅಲ್ಲ?

ಇದರ ಜೋಡಿ ಪಾಠ ಯೆಶಾಯ 55. ದೇವರ ಆಲೋಚನೆ ಮನುಷ್ಯರ ಆಲೋಚನೆಯಂಥದ್ದಲ್ಲ ಅನ್ನೋದು ಅದರ ಸಾರ. ಅಂದರೆ ಈ ಲೆಕ್ಕ ನಮ್ಮ ಲೆಕ್ಕದ ಪುಸ್ತಕಕ್ಕೆ ಹೊಂದೋದಿಲ್ಲ ಅಂತ ಪಟ್ಟಿಯೇ ಮೊದಲು ಹೇಳಿಬಿಡ್ತದೆ.

ನನ್ನ ಪುಸ್ತಕ

ಡಿಗ್ರಿ ಮುಗಿದ ಮೇಲೆ ಒಂದು ಸೀಸನ್ ಕಬ್ಬು ಕಡಿಯೋ ಗ್ಯಾಂಗಿನ ಲೆಕ್ಕ ಬರೀತಿದ್ದೆ. ಟನ್‌ಗೆ ಇಷ್ಟು ಅಂತ ದುಡ್ಡು, ಬಂದದ್ದನ್ನ ಎಲ್ಲರಿಗೂ ಹಂಚೋದು. ಒಬ್ಬ ಕಾಕಾಗೆ ಮೊಣಕಾಲು ನೋವು, ದಿನಾ ತಡವಾಗಿ ಬರೋರು. ಮುಕಾದಮ ಅರ್ಧ ಪಾಲು ಬರಿ ಅಂದ. ಬರೆದೆ. ಕಾಕಾ ದುಡ್ಡು ಎಣಿಸಿ, ಮತ್ತೊಮ್ಮೆ ಎಣಿಸಿ, ಕಿಸೆಯಲ್ಲಿಟ್ಟುಕೊಂಡು ಹೋದರು. ಒಂದು ಮಾತೂ ಆಡಲಿಲ್ಲ.

ಫಾದರ್ ಅವತ್ತು ಕೇಳಿದ್ದು ಒಂದೇ: ಈ ಕಥೆಯಲ್ಲಿ ನೀವು ಎಲ್ಲಿ ನಿಂತೀರಿ? ನಾನು ಮನಸ್ಸಿನಲ್ಲೇ ವಾದ ಹೂಡಿದೆ. ಕಾಕಾಗೆ ಪೂರ್ತಿ ಕೊಟ್ಟಿದ್ದರೆ ಉಳಿದವರ ಪಾಲು ಕಡಿಮೆ ಆಗ್ತಿತ್ತಲ್ಲ? ಆಮೇಲೆ ಹೊಳೀತು. ಕಥೆಯ ಮಾಲೀಕ ಬೆಳಗಿನವರ ಕೂಲಿಯಿಂದ ಒಂದು ಕಾಸೂ ಕಡಿದಿಲ್ಲ. ಮಾತಾದಷ್ಟು ಅವರಿಗೆ ಸಿಕ್ಕೈತಿ. ಹೆಚ್ಚಿನದನ್ನ ಅವನು ಕೊಟ್ಟಿದ್ದು ತನ್ನ ಕಿಸೆಯಿಂದ. ನಮ್ಮ ಗ್ಯಾಂಗಿನಲ್ಲಿ ಮುಕಾದಮನ ಕಮಿಷನ್ ಕಡಿಮೆ ಆಗಿರಲಿಲ್ಲ. ಲೆಕ್ಕ ಬರೆದ ನನ್ನ ಪಗಾರವೂ ಕಡಿಮೆ ಆಗಿರಲಿಲ್ಲ.

ಪಟ್ಟಿಯ ಉಪಯೋಗ ಇಲ್ಲೇ ಇರೋದು. ತಾನೇ ಆರಿಸೋದಾದರೆ ಯಾರೂ ತನಗೆ ಚುಚ್ಚೋ ಪಾಠ ಆರಿಸೋದಿಲ್ಲ. ಪಟ್ಟಿ ಇದ್ದರೆ ಕೂಲಿ ಕೊಡೋನೂ ಕೂಲಿ ತಗೊಳ್ಳೋನೂ ಒಂದೇ ಬೆಂಚಿನಲ್ಲಿ ಕುಂತು ಅದನ್ನ ಕೇಳಲೇಬೇಕು.

ಕಾಕಾನ ಮನೆಗೆ ಹೋಗಿದ್ದೆ. ದುಡ್ಡು ಮುಂದಿಟ್ಟೆ. "ಲೆಕ್ಕ ಮುಗದೈತಲ್ಲೋ ತಮ್ಮಾ" ಅಂದರು, ಚಾ ಕೊಟ್ಟರು. ದುಡ್ಡು ಮುಟ್ಟಲಿಲ್ಲ.

2026ರ ಸೆಪ್ಟೆಂಬರ್ 20ಕ್ಕೆ ಕ್ಯಾಥೊಲಿಕ್ ಚರ್ಚ್‌ಗಳಲ್ಲಿ ಇದೇ ಪಾಠ ಮತ್ತೆ ಬರ್ತದೆ. ನೀವು ಈ ಕಥೆಯಲ್ಲಿ ಎಲ್ಲಿ ನಿಂತೀರಿ? ವಾಯ್ಸ್ ನೋಟ್ ಕಳಿಸ್ರಿ. ಮುಂದಿನ ವಾರ ಸಿಗೋಣ, ಬರ್ತೀನ್ರಿ.