ಪೆನ್ ಡ್ರೈವ್ ಸಿಕ್ಕಿಸಿದರೆ ಕಂಪ್ಯೂಟರಿನ ವೇಗ ಹೆಚ್ಚುವುದೇ?

ನಿಮ್ಮ ಹಳೆಯ ಕಂಪ್ಯೂಟರ್ ಆಮೆಗತಿಯಲ್ಲಿ ಸಾಗುತ್ತಿದೆಯೇ? ಪೆನ್ ಡ್ರೈವ್ ಒಂದನ್ನು ಸಿಕ್ಕಿಸಿ, ರ‍್ಯಾಮ್ ತಾನಾಗಿಯೇ ಹೆಚ್ಚುತ್ತದೆ ಎಂಬ ಸಲಹೆಯನ್ನು ನೀವೂ ಕೇಳಿರಬಹುದು. ಈ ಮಾತಿನಲ್ಲಿರುವುದು ಅರ್ಧ ಸತ್ಯ. ಇನ್ನರ್ಧವನ್ನು ನಂಬಿ ಹಣ ತೆರುವ ಮುನ್ನ ಅದರ ಒಳಗುಟ್ಟನ್ನು ಅರಿಯುವುದು ಲೇಸು.

ಮೈಕ್ರೋಸಾಫ್ಟ್ ಸಂಸ್ಥೆಯು 2007ರ ಜನವರಿಯಲ್ಲಿ ವಿಂಡೋಸ್ ವಿಸ್ತಾವನ್ನು ಮಾರುಕಟ್ಟೆಗೆ ಬಿಟ್ಟಾಗ ಅದರೊಂದಿಗೆ 'ರೆಡಿಬೂಸ್ಟ್' ಎಂಬ ಸೌಲಭ್ಯವೂ ಬಂದಿತು. 512 ಎಂಬಿ ರ‍್ಯಾಮ್ ಹೊಂದಿದ್ದ ಕಂಪ್ಯೂಟರುಗಳು ವಿಸ್ತಾದ ಭಾರಕ್ಕೆ ಏದುಸಿರು ಬಿಡುತ್ತಿದ್ದ ಕಾಲವದು.

ರ‍್ಯಾಮ್ ಅನ್ನು ಅಡುಗೆಮನೆಯ ಕಟ್ಟೆಯೆಂದೂ ಹಾರ್ಡ್ ಡಿಸ್ಕನ್ನು ಅಟ್ಟವೆಂದೂ ಭಾವಿಸಿ. ಕಟ್ಟೆ ಚಿಕ್ಕದಾದರೆ ಪ್ರತಿಯೊಂದು ಡಬ್ಬಿಗೂ ಅಟ್ಟ ಹತ್ತಬೇಕು. ಪೆನ್ ಡ್ರೈವ್ ಕಟ್ಟೆಯನ್ನು ಹಿಗ್ಗಿಸುವುದಿಲ್ಲ. ಕೈಗೆಟಕುವ ಗೂಡೊಂದನ್ನು ಒದಗಿಸುತ್ತದೆ, ಅಷ್ಟೆ. ಹಾರ್ಡ್ ಡಿಸ್ಕಿನಲ್ಲಿ ತಿರುಗುವ ತಟ್ಟೆಯ ಮೇಲೆ ಓದುಮುಳ್ಳು ಸರಿಯಾದ ಜಾಗಕ್ಕೆ ಚಲಿಸಲು ಸುಮಾರು 10 ಮಿಲಿಸೆಕೆಂಡು ತಗಲುತ್ತದೆ. ಫ್ಲಾಶ್ ಸ್ಮರಣೆಯಲ್ಲಿ ಚಲಿಸುವ ಭಾಗವೇ ಇಲ್ಲವಾದ್ದರಿಂದ ಅಲ್ಲಲ್ಲಿ ಚದುರಿದ ಚಿಕ್ಕ ತುಣುಕುಗಳು ಬೇಗನೆ ಕೈಸೇರುತ್ತವೆ. ಆದರೆ ದೊಡ್ಡ ಕಡತವನ್ನು ಒಂದೇ ಸಮನೆ ಓದುವಾಗ ಹಾರ್ಡ್ ಡಿಸ್ಕೇ ಮುಂದು. ಇದನ್ನರಿತೇ ವಿಂಡೋಸ್ ಚಿಕ್ಕ ತುಣುಕುಗಳಿಗೆ ಮಾತ್ರ ಪೆನ್ ಡ್ರೈವನ್ನು ಆಶ್ರಯಿಸುತ್ತದೆ.

ನಡುವೆ ಡ್ರೈವ್ ಕಿತ್ತರೆ ಗತಿಯೇನು ಎಂಬ ಅಳುಕು ಬೇಡ. ಅದರಲ್ಲಿರುವುದು ಕೇವಲ ನಕಲು. ಮೂಲ ಹಾರ್ಡ್ ಡಿಸ್ಕಿನಲ್ಲಿಯೇ ಇರುತ್ತದೆ. ನಕಲು ಕೂಡ 128 ಬಿಟ್‌ನ ಎಇಎಸ್ ಗೂಢಲಿಪಿಯಲ್ಲಿರುವುದರಿಂದ ಡ್ರೈವ್ ಕಳ್ಳರ ಪಾಲಾದರೂ ಓದುವುದು ಸುಲಭವಲ್ಲ.

ಎಲ್ಲ ಪೆನ್ ಡ್ರೈವುಗಳಿಗೂ ಈ ಯೋಗ್ಯತೆಯಿಲ್ಲ. ಕನಿಷ್ಠ 256 ಎಂಬಿ ಸ್ಥಳವಿರಬೇಕು. 4 ಕೆಬಿ ಗಾತ್ರದ ಚದುರಿದ ತುಣುಕುಗಳನ್ನು ಸೆಕೆಂಡಿಗೆ 2.5 ಎಂಬಿ ವೇಗದಲ್ಲಿ ಓದಬೇಕು ಎಂದು ವಿಸ್ತಾ ನಿಯಮ ವಿಧಿಸಿತ್ತು. ಪೊಟ್ಟಣದ ಮೇಲೆ ಮುದ್ರಿಸಿದ ಜಿಬಿಗೂ ಈ ವೇಗಕ್ಕೂ ಸಂಬಂಧವಿಲ್ಲ. ವಿಸ್ತಾ ಅಥವಾ ವಿಂಡೋಸ್ 7ರಲ್ಲಿ ಡ್ರೈವಿನ ಚಿಹ್ನೆಯ ಮೇಲೆ ಬಲ ಕ್ಲಿಕ್ಕಿಸಿ, ಪ್ರಾಪರ್ಟೀಸ್‌ನಲ್ಲಿ ರೆಡಿಬೂಸ್ಟ್ ಆರಿಸಿಕೊಂಡರೆ ಡ್ರೈವ್ ಅರ್ಹವೋ ಅಲ್ಲವೋ ಎಂಬುದು ತಿಳಿಯುತ್ತದೆ.

ಹಾಗಾದರೆ ಈಗ ಇದಕ್ಕಾಗಿ ಹೊಸ ಡ್ರೈವ್ ಕೊಳ್ಳಬೇಕೇ? ಖಂಡಿತ ಬೇಡ. ರ‍್ಯಾಮ್ ಸಾಕಷ್ಟಿರುವ ಕಂಪ್ಯೂಟರಿನಲ್ಲಿ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಅಪರೂಪ. ವಿಂಡೋಸ್ ಇರುವ ಡಿಸ್ಕ್ ವೇಗದ ಎಸ್‌ಎಸ್‌ಡಿ ಆಗಿದ್ದರಂತೂ 2009ರ ವಿಂಡೋಸ್ 7 ತಾನಾಗಿಯೇ ಈ ಸೌಲಭ್ಯವನ್ನು ನಿಲ್ಲಿಸಿಬಿಡುತ್ತಿತ್ತು. ಹಣ ವ್ಯಯಿಸುವುದೇ ಆದರೆ ರ‍್ಯಾಮ್‌ಗೋ ಎಸ್‌ಎಸ್‌ಡಿಗೋ ವ್ಯಯಿಸಿ. ಡಿಡಿಆರ್2 ಜಾಗದಲ್ಲಿ ಡಿಡಿಆರ್3 ಕೂರುವುದಿಲ್ಲವಾದ್ದರಿಂದ ಅಂಗಡಿಗೆ ಹೋಗುವ ಮುನ್ನ ನಿಮ್ಮ ಮದರ್‌ಬೋರ್ಡ್ ಯಾವುದನ್ನು ಒಪ್ಪುತ್ತದೆಂದು ನೋಡಿಕೊಳ್ಳಿ. ಮೇಜಿನ ಖಾನೆಯಲ್ಲಿ ಧೂಳು ತಿನ್ನುತ್ತಿರುವ ಪೆನ್ ಡ್ರೈವ್ ಇದ್ದರೆ ಪ್ರಯೋಗಿಸಲು ಅಡ್ಡಿಯಿಲ್ಲ.

ಪ್ರಯೋಗದ ಬಳಿಕ ಡ್ರೈವ್ ತುಂಬಿರುವುದನ್ನು ಕಂಡು ವೈರಸ್ ಎಂದು ಗಾಬರಿಯಾಗಬೇಡಿ. ಅದು ರೆಡಿಬೂಸ್ಟ್ ತಾನೇ ಕಾದಿರಿಸಿಕೊಂಡ ಕಡತ; ಅದೇ ಕಿಟಕಿಯಲ್ಲಿ 'ಈ ಸಾಧನವನ್ನು ಬಳಸಬೇಡ' ಎಂಬರ್ಥದ ಆಯ್ಕೆಯನ್ನು ಒತ್ತಿದರೆ ಸ್ಥಳ ಮರಳಿ ದೊರೆಯುತ್ತದೆ.